ಹಲ್ಲಿಗೆ ಒಗ್ಗುವ ಪೈಪು

೧೪ ಮಾರ್ಚ್, ಸೋಮವಾರ
ಮಧ್ಯಾಹ್ನ, ಊಟದ ಬಿಡುವಿನಲ್ಲಿ

ನನ್ನ ದೀರ್ಘಮ್ಮನಿಗೆ,

ಅಪ್ಪನ ಆಶೀರ್ವಾದಗಳು. ನಾನಿಲ್ಲಿ ಕ್ಷೇಮ. ನೀನು ಕ್ಷೇಮವೇ ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ನಿನ್ನ ಕಾಗದ ಬಂದು ಇಪ್ಪತ್ತಮೂರು ದಿನವಾಯಿತು. ಅದರಲ್ಲಿದ್ದದ್ದು ಒಂದೇ ಸಾಲು. ಒಂದು ಸಾಲಿಗೆ ಇಪ್ಪತ್ತಮೂರು ದಿನ ತೆಗೆದುಕೊಳ್ಳುವ ಕಂಪೋಸಿಟರನನ್ನು ಯಾವ ಪ್ರೆಸ್ಸಿನವರೂ ಇಟ್ಟುಕೊಳ್ಳುವುದಿಲ್ಲ. ಇದು ಒಡಹುಟ್ಟಿದ ಅಣ್ಣನ ಪ್ರೆಸ್ಸಾದ್ದರಿಂದ ನನ್ನ ಬೇಳೆ ಬೇಯುತ್ತಿದೆ. ತಡವಾದದ್ದಕ್ಕೆ ಕ್ಷಮಿಸು.

ಮೂರು ವರ್ಷದವಳಿದ್ದಾಗ ಮೆಟ್ಟಿಲ ಮೇಲೆ ನಿಂತು ನೀನು ‘ಅಪ್ಪಾ’ ಎಂದು ಎಳೆಯುತ್ತಿದ್ದಷ್ಟು ದೀರ್ಘ ಅಕ್ಷರ ತುಂಬಿಟ್ಟ ನನ್ನ ಇಡೀ ಕೇಸಿನಲ್ಲಿ ಇರಲಿಲ್ಲ. ಅದಕ್ಕೇ ಅಲ್ಲವೇ ನಿನಗೆ ಈ ಹೆಸರು ಬಂದದ್ದು? ಈ ಸಲದ ಕಾಗದದಲ್ಲಿ ಬರೀ ‘ಅಪ್ಪ’ ಎಂದಿತ್ತು. ಅಚ್ಚಿನ ಮೊಳೆ ಜೋಡಿಸಿ ಜೋಡಿಸಿ ಕಣ್ಣು ಮಂಜಾಗಿದ್ದರೂ ಇಂಥದ್ದೆಲ್ಲ ಕಾಣಿಸಿಬಿಡುತ್ತದೆ.

ಕಾಗದವನ್ನು ಕರಡು ತಿದ್ದುವ ಮೇಷ್ಟ್ರ ಮನೆಗೆ ಹಾಕಿದ್ದು ಒಳ್ಳೆಯದೇ ಆಯಿತು. ಪ್ರೆಸ್ಸಿಗೆ ಬಂದ ಟಪಾಲನ್ನೆಲ್ಲ ನಿನ್ನ ದೊಡ್ಡಪ್ಪನೇ ಒಡೆಯುವುದು ನಿನಗೆ ಗೊತ್ತಲ್ಲ. ಮೇಷ್ಟ್ರು ಅದನ್ನು ಕರಡಿನ ಮಡಿಕೆಯಲ್ಲಿಟ್ಟು ತಂದು, ದೊಡ್ಡಪ್ಪನ ಎದುರಿಗೇ, ‘ಏಳನೇ ಪುಟ ಸ್ವಲ್ಪ ನೋಡಿ, ದೊಡ್ಡ ತಪ್ಪಾಗಿದೆ’ ಎಂದು ನನ್ನ ಕೈಗಿತ್ತರು. ಬಿಡಿಸಿ ನೋಡಿದರೆ ನಿನ್ನ ಅಕ್ಷರ. ‘ಅಪ್ಪ, ನಾನು ಮನೆಗೆ ಬರೋದು ಬೇಡ ಅಂತ ದೊಡ್ಡಪ್ಪ ಬರೆದಾಗ ನೀನೂ ಹೂಂ ಅಂದಿದ್ದು ನಿಜವಾ?’

ಹೇಳುತ್ತೇನೆ. ಆದರೆ ಮೊದಲು ನನ್ನ ಪೈಪಿನ ವಿಷಯ ಹೇಳಬೇಕು. ಕೇಳಿದ್ದೊಂದು ಹೇಳುತ್ತಿರುವುದೊಂದು ಎನ್ನಬೇಡ, ಎರಡಕ್ಕೂ ನಂಟಿದೆ.

ಹೋದ ಜೂನ್‌ನಲ್ಲಿ ನನ್ನ ವಸಡಿನ ಮೇಲೆ ಒಂದು ನೀಲಿ ಗೆರೆ ಕಾಣಿಸಿಕೊಂಡಿತು. ಡಾಕ್ಟರು ನೋಡಿ, ‘ಇದು ಸೀಸ. ಮೊಳೆ ಮುಟ್ಟಿದ ಕೈ ಬಾಯಿಗೆ ಹೋಗ್ತಿದೆ. ಸಿಗರೇಟು ಬಿಟ್ಬಿಡಿ’ ಅಂದರು. ‘ಅದೊಂದು ಆಗಲ್ಲ ಡಾಕ್ಟ್ರೇ’ ಅಂದೆ. ಅವರಿಗೆ ರೇಗಿತು. ‘ಹಾಗಾದ್ರೆ ಕೈ ಹಾಕದೆ ಸೇದೋದು ಏನಾದ್ರೂ ಇದ್ರೆ ನೋಡ್ಕೊಳ್ಳಿ’ ಅಂದರು. ಅವರು ವ್ಯಂಗ್ಯಕ್ಕೆ ಅಂದದ್ದನ್ನು ನಾನು ಔಷಧಿ ಚೀಟಿಯಂತೆ ಹಿಡಿದುಕೊಂಡು ನೇರ ಅಂಗಡಿಗೆ ಹೋದೆ.

ಅಂಚೆ ಕಚೇರಿಯ ಹಿಂದಿನ ಓಣಿಯಲ್ಲಿ ಹೊಗೆಸೊಪ್ಪಿನ ಅಂಗಡಿ ಇದೆ. ಇಬ್ಬರು ನಿಂತರೆ ಮೂರನೆಯವರು ಬೀದಿಯಲ್ಲಿ ಕಾಯಬೇಕು, ಅಷ್ಟಗಲ. ನಡೆಸುವುದು ಒಬ್ಬ ಅಜ್ಜಿ. ಅವರ ಗಂಡ ಪೈಪು ರಿಪೇರಿ ಮಾಡುತ್ತಿದ್ದರಂತೆ. ನನಗೆ ಒಂದು ಗಂಟೆ ಹಲ್ಲಿನಲ್ಲೇ ನಿಲ್ಲುವ ಪೈಪು ಬೇಕು, ಕೈ ಮುಟ್ಟುವ ಹಾಗಿಲ್ಲ ಎಂದೆ. ‘ಬಾಯಿ ತೆಗೀರಿ’ ಅಂದರು. ದನದ ವ್ಯಾಪಾರಿಯ ಹಾಗೆ ಬಗ್ಗಿ ನೋಡಿ, ‘ಮುಂದಿನ ನಾಲ್ಕು ಕಟ್ಟಿಸಿದ್ದು. ಅಲ್ಲಿ ಕಚ್ಚಿದ್ರೆ ಪೈಪಿನ ಜೊತೆ ಹಲ್ಲೂ ಕೈಗೆ ಬರುತ್ತೆ. ಎಡಗಡೆ ದವಡೆ ಗಟ್ಟಿ ಇದೆ, ಅಲ್ಲೇ ಸಂಸಾರ ಮಾಡ್ಕೊಳ್ಳಿ’ ಅಂದರು.

ಮೊದಲು ಕೊಟ್ಟದ್ದು ನೇರ ಕೊಳವೆಯದು. ಕನ್ನಡಿಯಲ್ಲಿ ನೋಡಿಕೊಂಡರೆ ನ್ಯಾಯಾಧೀಶನಂತೆ ಕಂಡೆ. ಆದರೆ ಕೊಳವೆ ಉದ್ದವಾದಷ್ಟೂ ತುದಿಯ ಭಾರ ದವಡೆಯನ್ನು ಕೆಳಕ್ಕೆ ಜಗ್ಗುತ್ತದೆ. ಮೇಲಾಗಿ ಬಗ್ಗಿ ಕೆಲಸ ಮಾಡುವಾಗ ಅದರ ಬಟ್ಟಲು ಮೊಳೆ ಜೋಡಿಸಿಕೊಳ್ಳುವ ಕೈಯಲ್ಲಿನ ಸ್ಟಿಕ್ಕಿಗೇ ಅಡ್ಡ ಬರುತ್ತದೆ. ಜೋಡಿಸಿದ ಸಾಲು ಕಾಣದಿದ್ದರೆ ನನ್ನ ಕೆಲಸ ಕೆಟ್ಟಂತೆಯೇ. ಎರಡನೆಯದು ಪೂರ್ತಿ ಬಾಗಿದ್ದು. ಭಾರವೆಲ್ಲ ಗಲ್ಲದ ಹತ್ತಿರ ಇಳಿದು ಹಾಯೆನಿಸಿತು, ಆದರೆ ತಲೆ ಬಗ್ಗಿಸಿದ್ದೇ ತಡ ಹೊಗೆ ನೇರ ಕಣ್ಣಿಗೆ. ‘ಅಳ್ತಾ ಕೆಲಸ ಮಾಡ್ಬೇಕಾಗುತ್ತೆ’ ಅಂದೆ. ‘ಎಷ್ಟೋ ಜನ ಹಾಗೇ ಮಾಡ್ತಾರೆ, ಕಾರಣ ಬೇರೆ ಅಷ್ಟೇ’ ಅಂದರು ಅಜ್ಜಿ.

ಮೂರನೆಯದು ಅರ್ಧ ಬಾಗಿದ ಪುಟ್ಟ ಪೈಪು. ಹೂವಿನಷ್ಟು ಹಗುರ. ಬಾಯಿಗಿಡುವ ತುದಿ ತೆಳ್ಳಗೆ, ಅಗಲವಾಗಿ ಇತ್ತು. ಹಲ್ಲಿನ ಹಿಂದೆ ಸಿಕ್ಕಿಕೊಳ್ಳಲು ಸಣ್ಣದೊಂದು ಏಣು. ಇಟ್ಟುಕೊಂಡು ತಲೆ ಬಗ್ಗಿಸಿದೆ, ಎತ್ತಿದೆ, ಆಚೆ ಈಚೆ ತಿರುಗಿಸಿದೆ. ಬಾಯಲ್ಲಿ ಇದೆಯೆಂಬುದೇ ಮರೆತುಹೋಯಿತು. ‘ಹಲ್ಲಲ್ಲಿ ಕಚ್ಬೇಡಿ. ತುಟಿಯಿಂದ ಹಿಡೀರಿ, ಹಲ್ಲು ಬರೀ ಆಸರೆಗೆ. ಕೋಪ ನುಂಗೋರು ಆರೇ ತಿಂಗಳಿಗೆ ತೂತು ಮಾಡ್ಕೊಂಡು ಬರ್ತಾರೆ’ ಅಂದರು ಅಜ್ಜಿ. ಇದೇ ಸಾಕೆಂದು ನಾನು ಮನಸ್ಸು ಮಾಡಿಯಾಗಿತ್ತು.

ಅಷ್ಟರಲ್ಲಿ, ಇದನ್ನೂ ಒಂದು ನೋಡಿ ಎಂದು ಕರಿಯದೊಂದನ್ನು ಬಾಯಿಗಿಟ್ಟರು. ಕಬ್ಬಿಣದ ಭಾರ. ‘ಇದನ್ನೇ ಕಟ್ಲಾ?’ ಅಂದರು. ನಾನು ‘ಉಹೂಂ’ ಅಂದೆ. ಅವರು ಕಾಗದ ಹರಿದು ಕಟ್ಟತೊಡಗಿದರು. ಕಚ್ಚಿಕೊಂಡ ಬಾಯಿಂದ ಮೊದಲಿನ ‘ಉ’ ಹೊರಗೇ ಬರಲಿಲ್ಲ ನೋಡು, ಹೂಂ ಮಾತ್ರ ಬಂತು. ಬೇಡ, ಆ ಇನ್ನೊಂದು ಕೊಡಿ ಎಂದರೆ ಆಗುತ್ತಿತ್ತು. ನಾನು ಅವರ ಕೈಯಲ್ಲಿ ದಾರ ಗಂಟು ಬೀಳುವವರೆಗೂ ನೋಡುತ್ತ ನಿಂತೆ, ಆಮೇಲೆ ಇಷ್ಟು ಚೆನ್ನಾಗಿ ಕಟ್ಟಿದ್ದಾರಲ್ಲ ಎಂದುಕೊಂಡು ತಂದೆ. ನಿನ್ನ ಅಮ್ಮ ಇದ್ದಿದ್ದರೆ, ‘ನಿಮ್ಮನ್ನ ಸಂತೇಲಿ ನಿಲ್ಲಿಸಿದ್ರೆ ನಿಮ್ಮನ್ನೇ ಮಾರಿ ಬರ್ತಾರೆ’ ಅನ್ನುತ್ತಿದ್ದಳು. ಆ ಹಗುರದ ಪೈಪು ಈಗಲೂ ಅಜ್ಜಿಯ ಗಾಜಿನ ಪೆಟ್ಟಿಗೆಯಲ್ಲಿದೆ.

ಇನ್ನು ನಿನ್ನ ಪ್ರಶ್ನೆ. ಜುಲೈನಲ್ಲಿ ನೀನು ಬರೆದ ಕಾಗದವನ್ನು ನಿನ್ನ ದೊಡ್ಡಪ್ಪನೇ ಒಡೆದು ಓದಿ, ನಾನು ಮೊಳೆ ಜೋಡಿಸುವಲ್ಲಿಗೆ ತಂದ. ಯಂತ್ರ ನಿಂತಿತ್ತು, ಹಾಗಾಗಿ ಅವನ ಮಾತು ಒಂದೊಂದೂ ಕೇಳಿಸಿತು. ‘ಬಾಗಿಲಿಗೆ ಹೊರಗಿಂದ ಚಿಲಕ ಹಾಕ್ಕೊಂಡು ಕೆಲಸಕ್ಕೆ ಹೋಗ್ತಾನಂತೆ ನಿನ್ನ ಅಳಿಯ. ಮನೆಗೆ ಬರ್ಲಾ ಅಂತ ಕೇಳಿದಾಳೆ. ಒಬ್ಬೊಬ್ರದು ಒಂದೊಂದು ಸ್ವಭಾವ ಕಣೋ. ಇಲ್ಲಿ ಬಂದು ಎಲ್ಲಿರ್ತಾಳೆ? ನಿನಗೇ ಕಾಗದದ ಕೋಣೇಲಿ ಮಂಚ ಹಾಕಿ ಕೊಟ್ಟಿದೀನಿ. ಸ್ವಲ್ಪ ದಿನ ಹಲ್ಲು ಕಚ್ಕೊಂಡು ಅಲ್ಲೇ ಇರು ಅಂತ ಬರೀತೀನಿ. ಏನಂತೀಯಾ?’

ನಾನು ಉಹೂಂ ಅಂದೆ, ದೀರ್ಘಮ್ಮ. ಪೈಪು ಹಲ್ಲಿನಲ್ಲಿತ್ತು. ಅಜ್ಜಿಯ ಅಂಗಡಿಯಲ್ಲಿ ಆದದ್ದೇ ಇಲ್ಲೂ ಆಯಿತು. ಒಂದು ‘ಉ’ ಬಿದ್ದುಹೋದರೆ ಉಹೂಂ ಎಂಬುದು ಹೂಂ ಆಗುತ್ತದೆ. ಮೂವತ್ತೊಂದು ವರ್ಷದ ಕಸುಬಿನಲ್ಲಿ ನಾನು ಬೀಳಿಸಿದ ಅಕ್ಷರಗಳಲ್ಲಿ ಇದರಷ್ಟು ನಷ್ಟ ಮಾಡಿದ್ದು ಇನ್ನೊಂದಿಲ್ಲ. ‘ಸರಿ ಹಾಗಾದ್ರೆ’ ಎಂದು ಅವನು ತನ್ನ ಮೇಜಿಗೆ ಹೋಗಿ ನಿನಗೆ ಬರೆದ. ಹಿಂದೆಯೇ ಹೋಗಿ ಹೇಳಬಹುದಿತ್ತಲ್ಲ ಎನ್ನುತ್ತೀಯ. ಸ್ಟಿಕ್ಕಿನಲ್ಲಿ ಅರ್ಧ ಸಾಲು ಇತ್ತು, ಕೆಳಗಿಟ್ಟರೆ ಚೆಲ್ಲುತ್ತದೆ. ಸಾಲು ಮುಗಿಸಿ ಹೋಗುವಷ್ಟರಲ್ಲಿ ಟಪಾಲು ಹೊರಟಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ನಾನಿರುವ ಪರಿ ನಿನಗೆ ಗೊತ್ತಿರುವುದೇ. ನನ್ನ ಕೋಣೆಗೆ ಬೇರೆ ಬಾಗಿಲಿಲ್ಲ. ಬೀದಿಗಿಳಿಯಬೇಕಾದರೆ ಅಣ್ಣನ ಮೇಜನ್ನು ದಾಟಿಯೇ ಇಳಿಯಬೇಕು. ಅವನು ತಲೆ ಎತ್ತದೆ ‘ಎಲ್ಲಿಗೆ?’ ಅನ್ನುತ್ತಾನೆ. ಸಿಟ್ಟಿನಿಂದಲ್ಲ, ಅಭ್ಯಾಸದಿಂದ. ಐವತ್ತಾರು ವರ್ಷದ ಗಂಡಸು ‘ಇಲ್ಲೇ, ಬೆಂಕಿಪೊಟ್ಟಣಕ್ಕೆ’ ಎಂದು ಸುಳ್ಳು ಹೇಳಿ ಹೊರಗೆ ಹೋಗಿ, ನಿಜಕ್ಕೂ ಬೆಂಕಿಪೊಟ್ಟಣ ತರುತ್ತಾನೆ. ಮಂಚದ ಕೆಳಗೆ ಈಗ ನಲವತ್ತೋ ಐವತ್ತೋ ಪೊಟ್ಟಣಗಳಿವೆ. ಕಿಟಕಿ ತೆರೆದರೆ ಹಾಳೆ ಹಾರುತ್ತವೆ ಎಂದು ಅದಕ್ಕೂ ಮೊಳೆ ಹೊಡೆದಾಗಿದೆ. ನನಗೆ ಅವನ ಮೇಲೆ ಕೋಪವಿದೆ. ಕೋಪಕ್ಕಿಂತ ಹೆದರಿಕೆ ಹೆಚ್ಚು. ನಿನ್ನ ಅಮ್ಮ ತೀರಿಕೊಂಡಾಗ ನಮ್ಮಿಬ್ಬರನ್ನೂ ಕರೆತಂದು ಅನ್ನ ಹಾಕಿದವನು ಎಂಬುದೂ ನಿಜ, ಅದನ್ನು ಅವನೂ ಮರೆತಿಲ್ಲ, ನನಗೂ ಮರೆಯಲು ಬಿಟ್ಟಿಲ್ಲ.

ಈಗೀಗ ಪೈಪು ಹೊತ್ತಿಸುವುದೂ ಕಡಿಮೆ. ಸುಮ್ಮನೆ ಕಚ್ಚಿಕೊಂಡಿರುತ್ತೇನೆ. ಅದು ಬಾಯಲ್ಲಿದ್ದರೆ ಯಾರೂ ಹೆಚ್ಚು ಮಾತಾಡಿಸುವುದಿಲ್ಲ. ತುದಿಯಲ್ಲಿ ಎರಡು ಗುಳಿ ಬಿದ್ದು, ಒಂದು ತೂತೇ ಆಗಿದೆ.

ಈ ಕಾಗದವನ್ನು ನಿಮ್ಮ ಪಕ್ಕದ ಮನೆಯ ದರ್ಜಿಯಮ್ಮನ ಹೆಸರಿಗೆ ಹಾಕಿಸುತ್ತಿದ್ದೇನೆ. ಕಿಟಕಿಯ ಸರಳಿನೊಳಗಿಂದ ಕೊಡುತ್ತಾರೆಂದು ಮೇಷ್ಟ್ರು ಹೇಳಿದರು. ಅವರಿಗೆ ನನ್ನ ನಮಸ್ಕಾರ ತಿಳಿಸು. ಹೊಟ್ಟೆ ತುಂಬ ಊಟ ಮಾಡು. ಒಬ್ಬಳೇ ಇರುವಾಗ ಹಾಡಿಕೊಳ್ಳುತ್ತಿದ್ದೆಯಲ್ಲ, ಅದನ್ನು ಬಿಡಬೇಡ. ನಿನಗೆ ಒಳ್ಳೆಯದಾಗಲಿ, ನಿನ್ನ ಒಳ್ಳೆಯ ದಿನಗಳು ಬೇಗ ಬರಲಿ.

ಇಂತು ನಿನ್ನ,
ಅಪ್ಪ

ಮತ್ತೆ: ಇಂದು ಗುರುವಾರ. ಅಂಚೆಗೆ ಹಾಕಿ ಎಂದು ಕಾಗದವನ್ನು ಮೇಷ್ಟ್ರಿಗೆ ಕೊಟ್ಟಿದ್ದೆ. ಅಂಟಿಸಿರಲಿಲ್ಲ. ಅಕ್ಷರ ಕಂಡರೆ ಓದದೆ ಬಿಡುವ ಜಾತಿ ಅಲ್ಲ ಅವರದು. ಬೆಳಿಗ್ಗೆ ವಾಪಸು ತಂದರು. ‘ಜೂನ್’ ಎಂಬಲ್ಲಿ ಅಂಚಿಗೆ ಕೆಂಪು ಶಾಯಿಯ ಪ್ರಶ್ನೆಚಿಹ್ನೆ, ನೀನೂ ನೋಡಿರುತ್ತೀಯ. ‘ತಿಂಗಳು ತಾಳೆ ಆಗ್ತಿಲ್ಲ. ಪೈಪು ತಂದ ದಿನ ನಾನೇ ಬೆಂಕಿ ಕೊಟ್ಟಿದ್ದೆ. ಹೀಗೇ ಹೋಗಲಾ, ತಿದ್ತೀರಾ?’ ಅಂದರು, ಬೇರೆಯವರ ಕರಡಿಗೆ ಕೇಳುವ ಹಾಗೆಯೇ.

ಪೈಪು ಕೊಂಡದ್ದು ಆಗಸ್ಟ್‌ನಲ್ಲಿ. ನಿನ್ನ ದೊಡ್ಡಪ್ಪ ಕೇಳಿದ್ದು ಜುಲೈನಲ್ಲಿ. ಅವತ್ತು ನನ್ನ ಬಾಯಲ್ಲಿ ಏನೂ ಇರಲಿಲ್ಲ, ಮಗಳೇ. ನಾನು ಹೂಂ ಅಂದೆ. ಯಾವ ಅಕ್ಷರವೂ ಬೀಳಲಿಲ್ಲ. ಅಂದ ಕೂಡಲೇ ಮೈ ಹಗುರವಾಯಿತು, ನಿನಗಾಗಿ ಅಣ್ಣನ ಮುಂದೆ ನಿಂತು ಜಾಗ ಕೇಳುವುದು ತಪ್ಪಿತಲ್ಲ ಎಂದು. ನಿನ್ನ ಬಾಗಿಲಿಗೆ ಎಂಟು ತಿಂಗಳಿಂದ ಬಿದ್ದಿರುವ ಚಿಲಕದಲ್ಲಿ ನನ್ನ ಕೈಯೂ ಇದೆ.

ಮೇಷ್ಟ್ರ ಮನೆಯಲ್ಲಿ ಅವರ ಅಕ್ಕ ಇದ್ದ ಕೋಣೆ ಖಾಲಿ ಇದೆಯಂತೆ. ನಿನಗೆ ಕೊಡುತ್ತೇನೆಂದು ಅವರೇ ಹೇಳಿದರು, ನಾನು ಕೇಳಲಿಲ್ಲ. ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ದರ್ಜಿಯಮ್ಮನ ಕೈಯಲ್ಲಿ ಚಿಲಕ ತೆಗೆಸಿಕೊಂಡು, ಉಟ್ಟ ಬಟ್ಟೆಯಲ್ಲೇ ಹೊರಟು ನೇರ ಅಲ್ಲಿಗೆ ಹೋಗು. ನಾನು ಅಲ್ಲಿಗೆ ಬಂದಾಗ ನೀನು ಒಳಗಿಂದ ಬಾಗಿಲು ತೆಗೆಯದಿದ್ದರೂ ಸರಿ.