ಧೋತರದ ಕೆಳಗಿನ ಸೀರಿ

ಅಪ್ಪಾ,

ಇವತ್ತ ಮಧ್ಯಾಹ್ನ ಒಂದ ತಪ್ಪ ಮಾಡೀನಿ. ನೀ ಅರ್ಧಾ ನೇದ ಬಿಟ್ಟ ಸೀರಿ, ನೀ ತೀರಿದಾಗಿಂದ ಮಗ್ಗದಾಗ ಹಂಗ ಐತಿ. ಅವ್ವ ಅದರ ಮ್ಯಾಲ ನಿನ್ನ ಧೋತರ ಹೊಚ್ಚಿ, "ಯಾರೂ ಮುಟ್ಟಬ್ಯಾಡ್ರಿ" ಅಂದಾಳ.

ನಾ ಬರದ ಹೊಸಾ ಹಾಡ ಮೊಬೈಲ್‌ನ್ಯಾಗ ರೆಕಾರ್ಡ್ ಮಾಡಬೇಕಿತ್ತು. ಈ ಸಲ ಕೀಬೋರ್ಡ್ ಬ್ಯಾಡ, ಬರೇ ಏಕತಾರಿ ಸಾಕು ಅನಿಸ್ತು. ಗಜೇಂದ್ರಗಡದ ಬಸ್ಸಿನ ಹಾರ್ನ್ ಕೇಳದ ಜಾಗಾ ನಮ್ಮನ್ಯಾಗ ಮಗ್ಗದ ಕುಣಿ ಒಂದ. ಅದರಾಗ ಕಾಲ ಇಳಿಬಿಟ್ಟ ಕುಂತ ಹಾಡಿದ್ನಿ. ನೀ ನೇಯುವಾಗ, "ಏನೂ ಬಾರಿಸದ ಒಂದ ಹಾಡ ಹಾಡವಾ" ಅಂತಿದ್ದಿ. "ಹಂಗ ಹಾಡಿದ್ರ ಯಾರ ಕೇಳ್ತಾರ" ಅಂತ ಎದ್ದ ಹೋಗತಿದ್ನಿ.

ಹಾಡ ಭಾಳ ಚಲೋ ಬಂದೈತಿ. ಆದ್ರ ತಿರಗಿ ಕೇಳಿದ್ರ ನನ್ನ ದನಿ ಹಿಂದ ಮಗ್ಗದ ಸಪ್ಪಳ! ನನಗ ತಿಳೀದಂಗ ನನ್ನ ಕಾಲು ತಾಳಕ್ಕ ಸರಿಯಾಗಿ ಮಗ್ಗದ ಹಲಗಿ ತುಳದಾವ. ಕಡೀ ಸಾಲಿನ್ಯಾಗ ಪಟ್ ಅಂತ ಸಣ್ಣ ಸಪ್ಪಳ. ನೇಕಾರ ಮನಿ ಮಗಳಿಗೆ ಅದು ತಿಳೀದೇನು? ಎಳಿ ಹರದೈತಿ.

ಎಷ್ಟ ಹರದಾವೋ, ಧೋತರ ಎತ್ತಿ ನೋಡದನ ಹೊರಗ ಎದ್ದ ಬಂದೀನಿ. ಸಂಜಿಗೆ ಅವ್ವ ಬರತಾಳ. ಎಳಿ ಹರದಾಗೆಲ್ಲಾ ನೀ, "ನಿನ್ನ ಬೆರಳ ಸಣ್ಣವು, ಬಾ, ಗಂಟ ಹಾಕು" ಅಂತ ಕರೀತಿದ್ದಿ.

ಮಗ್ಗದ ಕ್ವಾಣಿ ಬಾಗಲದಾಗ ನಿಂತೀನಪ್ಪಾ. ಕರದ್ರ ಒಳಗ ಬರತೀನಿ.