ಅಮ್ಮನ ಗಡ್ಡೆ ಅರ್ಧಕ್ಕಿಳಿಯಿತು

ಪ್ರೀತಿಯ ಅಕ್ಕನಿಗೆ,

ಗೆದ್ದೆವು ಕಣೇ! ನಮ್ಮೂರಿನ ಆಸ್ಪತ್ರೆಯವರು ಕೈಚೆಲ್ಲಿದ್ದರಲ್ಲ, ಅಮ್ಮನ ಮೇದೋಜೀರಕ ಗ್ರಂಥಿಯ ಅದೇ ಗಡ್ಡೆಯ ಚೂರನ್ನು ಇಲ್ಲಿಯ ಡಾಕ್ಟರಮ್ಮ ಮತ್ತೆ ಪರೀಕ್ಷಿಸಿದರು. ಅದರ ಜೀವಕೋಶಗಳ ಮೇಲೆ ಒಂದು ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕಗಳು ಕಂಡವು. ಬಟ್ಟೆ ಹೊಲಿಯುವ ಅಮ್ಮನಿಗೆ ಅವರು ತಿಳಿಸಿದ್ದು ಹೀಗೆ: "ಗಡ್ಡೆ ಮೇಲೆ ಟಿಚ್ ಬಟನ್‌ನ ಒಂದು ಭಾಗ ಇದೆಯಮ್ಮ. ಇನ್ನೊಂದು ಭಾಗಕ್ಕೆ ಔಷಧಿ ಕಟ್ಟಿ ಕಳಿಸ್ತೀವಿ, ಹೋಗಿ ಅಲ್ಲೇ ಕೂತ್ಕೊಳ್ಳುತ್ತೆ."

ಔಷಧಿಯಲ್ಲಿ ವಿಕಿರಣ ಇರುವುದರಿಂದ ಸೂಜಿ ಚುಚ್ಚಿದ ಮೇಲೆ ಅಮ್ಮನನ್ನು ಒಂಟಿ ಕೋಣೆಯಲ್ಲಿ ಇಡುತ್ತಾರೆ. ನಾನು ಗಾಜಿನಾಚೆ ನಿಂತು ಫೋನಿನಲ್ಲಿ ಮಾತಾಡಬೇಕು. "ಹತ್ರ ಬರೋಕೆ ಭಯನಾ? ನಾನೇನು ಹುಲಿನಾ?" ಎಂದು ಗದರುತ್ತಾಳೆ. ಇಂದು ಮೂರನೇ ಸೂಜಿಯ ನಂತರದ ಸ್ಕ್ಯಾನ್ ನೋಡಿದ ಡಾಕ್ಟರಮ್ಮ ಓಡಿಬಂದು ಗಾಜು ತಟ್ಟಿ, "ಅರ್ಧಕ್ಕರ್ಧ ಕರಗಿದೆ!" ಎಂದು ಕೂಗಿಯೇಬಿಟ್ಟರು. ಅಮ್ಮ ಹಾಸಿಗೆಯ ಮೇಲೆಯೇ ಎದ್ದು ನಿಂತಳು.

ಊಟ ಸೇರುತ್ತಿದೆ, ತೂಕವೂ ಏರಿದೆ. ಇನ್ನೊಂದು ಸೂಜಿ ಬಾಕಿ, ಅಲ್ಲಿಯವರೆಗೆ ಮನೆಯಲ್ಲಿರಬಹುದಂತೆ. ಭಾನುವಾರ ಬೆಳಿಗ್ಗೆ ಬರುತ್ತೇವೆ. ಅಮ್ಮ ಬರೆಯಲು ಹೇಳಿದ್ದು: "ಅವಳು ಬಾಗಿಲಲ್ಲಿ ಅಳ್ತಾ ನಿಲ್ಲೋದು ಬೇಡ. ನಂಗೆ ಹಸಿವಾಗಿರುತ್ತೆ, ಅಡುಗೆ ಆಗಿರ್ಲಿ."

ನಿನ್ನ ತಂಗಿ