ಮಾತ್ರೆ ಮೊದಲೋ, ಚಿಲ್ಲದ ಬೀಜ ಮೊದಲೋ

ಚಾಮರಾಜಪೇಟೆ
17-8-1996

ಅಕ್ಕನಿಗೆ ತಮ್ಮ ಅಣ್ಣಯ್ಯಪ್ಪನ ನಮಸ್ಕಾರ.

ಈ ಊರಿಗೆ ಬಂದು ತಿಂಗಳಾಯಿತು. ಮೂರು ದಿನದಿಂದ ತರಕಾರಿ ಅಂಗಡಿ ಮುಚ್ಚಿದ್ದೇನೆ. ಕಾರಣ ನೀರು. ರಸ್ತೆ ಅಗೆದ ಮೇಲೆ ವಠಾರದ ನಲ್ಲಿಯಲ್ಲಿ ರಾಗಿ ಅಂಬಲಿಯಂಥ ನೀರು ಬರುತ್ತಿದೆ. ಯಾರೋ ಬಂದು ಕ್ಲೋರಿನ್ ಮಾತ್ರೆ ಹಂಚಿಹೋದರು. ನಾನು ಆ ರಾಡಿ ನೀರಿಗೇ ಮಾತ್ರೆ ಹಾಕಿ, ಆಮೇಲೆ ನೀರು ತಿಳಿಯಾಗಲೆಂದು ನೀನು ಕಟ್ಟಿಕೊಟ್ಟಿದ್ದ ಚಿಲ್ಲದ ಬೀಜವನ್ನು ಕೊಡದ ಒಳಮೈಗೆ ತೇಯ್ದೆ. ಬೆಳಗಾಗುವಷ್ಟರಲ್ಲಿ ಮಣ್ಣೆಲ್ಲ ತಳಕ್ಕೆ ಕೂತು ನೀರು ಕನ್ನಡಿಯಾಯಿತು. ಪಕ್ಕದ ಮನೆಯ ಸಿದ್ದಮ್ಮನವರನ್ನು ಕರೆದು, "ನೋಡ್ರಮ್ಮಾ, ನಮ್ಮೂರ ವಿದ್ಯೆ" ಎಂದು ಜಂಬ ಕೊಚ್ಚಿ, ಎರಡು ಲೋಟ ಕುಡಿದೂ ತೋರಿಸಿದೆ.

ಮರುದಿನದಿಂದ ಭೇದಿ. ನಾನು ಚೊಂಬು ಹಿಡಿದು ಓಡುವಾಗೆಲ್ಲ ಸಿದ್ದಮ್ಮನವರು, "ಏನ್ ಸಾವ್ಕಾರ್ರೇ, ವಿದ್ಯೆ ಇನ್ನೂ ಮುಗ್ದಿಲ್ವಾ?" ಎನ್ನುತ್ತಾರೆ.

ಡಾಕ್ಟರು ಹೇಳಿದರು: "ಮಾತ್ರೆ ಶಕ್ತಿಯೆಲ್ಲ ಮಣ್ಣಿಗೇ ಖರ್ಚಾಯ್ತು ಕಣ್ರೀ. ಮಣ್ಣಿನ ಮರೇಲಿದ್ದ ಕ್ರಿಮಿ ಬದುಕ್ಕೊಂಡ್ವು. ಮೊದ್ಲು ತಿಳಿ ಮಾಡಿ, ಸೋಸಿ, ಆಮೇಲೆ ಮಾತ್ರೆ ಹಾಕ್ಬೇಕು. ಕುದಿಸಿದ್ರೆ ಇನ್ನೂ ಒಳ್ಳೇದು." ವ್ಯಾಪಾರಸ್ಥನಾದ ನನಗೆ ಲೆಕ್ಕ ಆಗಲೇ ಅರ್ಥವಾಯಿತು, ಹೊಟ್ಟೆಗೆ ಮಾತ್ರ ತಡವಾಗಿತ್ತು.

ಇವತ್ತು ಸಿದ್ದಮ್ಮನವರು ಕೊಟ್ಟ ಗಂಜಿ ಹೊಟ್ಟೆಯಲ್ಲಿ ನಿಂತಿದೆ, ಸುಸ್ತು ಹೋಗಿಲ್ಲ. ನೀನು ಮೊಮ್ಮಗುವಿನ ಕಣ್ಣನ್ನು ಇಲ್ಲಿನ ಆಸ್ಪತ್ರೆಯಲ್ಲಿ ತೋರಿಸಲು ಬುಧವಾರ ಹೊರಡಬೇಡ. ನೀರು ಕುದಿಸೋಣವೆಂದರೆ ಸ್ಟೌಗೆ ಸೀಮೆಎಣ್ಣೆ ಇನ್ನೂ ಸಿಕ್ಕಿಲ್ಲ. ನೀರು ತಿಳಿಯಾಗಿದೆ ಎಂದು ನಾನೇ ಬರೆದರೂ ನಂಬಬೇಡ. ಕುದಿಸುತ್ತಿದ್ದೇನೆ ಎಂದು ಬರೆದರೆ ಮಗುವನ್ನು ಕರೆದುಕೊಂಡು ಬಾ.

ಕಾರ್ಡಿನಲ್ಲಿ ಜಾಗವಿಲ್ಲ, ನನಗೂ ಕೂರಲು ಆಗುತ್ತಿಲ್ಲ.

ಅಣ್ಣಯ್ಯಪ್ಪ